ಗೋಡೆಯ ಮೇಲಿನ ಸೋಮಲಿಬಾಯಿ

ಗಂಡ ಸತ್ತ ದಿನವೇ ಸೋಮಲಿಬಾಯಿಯ ಕೆನ್ನೆಯ ಪಕ್ಕ ತೂಗುತ್ತಿದ್ದ ಬೆಳ್ಳಿಯ ಘುಗರಿ ಬಿಚ್ಚಿದರು, ಮೊಳಕೈ ಮೇಲಿನ ಬಿಳಿ ಬಳೆ ತೆಗೆದರು. ಲಂಬಾಣಿ ತಾಂಡಾದಲ್ಲಿ ಅವು ಮುತ್ತೈದೆಯ ಗುರುತು. ಅವನ್ನೂ ತನ್ನ ಕನ್ನಡಿ ಲಂಗವನ್ನೂ ಮಗಳು ಸೀತಿಯ ಮದುವೆಗೆಂದು ಗಂಟು ಕಟ್ಟಿಟ್ಟು, ಸಾದಾ ಸೀರೆಯುಟ್ಟು, ಆನೆಗೊಂದಿ ದಾರಿಯ ಅತಿಥಿಗೃಹವೊಂದರಲ್ಲಿ ಕಸ ಗುಡಿಸತೊಡಗಿದಳು.

ತಾಂಡಾದ ಮದುಮಗಳು ಹೊರಡುವಾಗ ತಾಯಿಯ ಕೊರಳು ತಬ್ಬಿ, ಹಾಡುತ್ತ ಅಳಬೇಕು. ಆ ಹಾಡನ್ನು ಸೀತಿಗೆ ತಾನೇ ಕಲಿಸುತ್ತಿದ್ದಳು. ಆ ಒಂದು ಅಪ್ಪುಗೆಗಾಗಿ ಸೋಮಲಿಬಾಯಿ ಜೀವ ಹಿಡಿದಿದ್ದಳು.

ಎಪ್ಪತ್ತೊಂಬತ್ತರ ಚಳಿಗಾಲದಲ್ಲಿ ಹಂಪಿ ನೋಡಿ, ಹೊಳೆ ದಾಟಿ, ದಿಲ್ಲಿಯ ಗಂಡ ಹೆಂಡತಿ ಬಂದರು. ಲಂಬಾಣಿ ಹೆಂಗಸಿನ ಫೋಟೋ ಬೇಕಾಗಿತ್ತು. ಅಡುಗೆಯ ಶಬ್ಬೀರಸಾಬ ಇವಳನ್ನು ತೋರಿಸಿದ. ಅವರು ಮೇಲಿಂದ ಕೆಳಗೆ ನೋಡಿ ಬೇಡವೆಂದು ತಲೆಯಾಡಿಸಿದರು.

"ಖರೇ ಲಂಬಾಣಿ ಬೇಕಂತ. ಈಕಿ ಅಲ್ಲ ಅಂತಾರ," ಎಂದ ಶಬ್ಬೀರಸಾಬ.

"ಮತ್ತ ನಾ ಯಾರು, ಸಾಬಣ್ಣ?"

ದಿಲ್ಲಿಯವರಿಗೆ ಖರೇತನ ಎಂದರೆ ಕನ್ನಡಿ ಹೊಲಿದ ಲಂಗ. ವೈಧವ್ಯ ಅವರ ಕಣ್ಣಿಗೆ ಕಾಣುವ ವೇಷವಲ್ಲ. ಆದರೆ ಆ ಮಾತು ಸೋಮಲಿಬಾಯಿಯ ಎದೆಗೆ ನಾಟಿತು. ಮರುದಿನ ಗಂಟು ತಂದಳು. ಅಡುಗೆಮನೆಯ ಹಿಂದೆ ಲಂಗ ಉಟ್ಟಳು, ಬಳೆ ಏರಿಸಿದಳು, ಘುಗರಿ ಕಟ್ಟಿದಳು. ಕ್ಯಾಮೆರಾದ ಮುಂದೆ, ನೋಡಿಕೊಳ್ಳಿ ಎಂಬಂತೆ ತಲೆಯೆತ್ತಿ ನಿಂತಳು.

ಎರಡು ತಿಂಗಳಿಗೆ ಅಂಚೆಯಲ್ಲಿ ದೊಡ್ಡ ಫೋಟೋ ಬಂತು. ಮಾಲೀಕರು ಕಟ್ಟು ಹಾಕಿಸಿ ಗೋಡೆಗೆ ತೂಗಿದರು. ಸೌದೆ ಹೊರೆ ಹಾಕಲು ಬಂದ ತಾಂಡಾದವನೊಬ್ಬ ನೋಡಿಬಿಟ್ಟ. ವಿಧವೆ ಘುಗರಿ ಕಟ್ಟಿದಳು, ಅದೂ ಮಗಳ ಮದುವೆಗೆಂದು ಇಟ್ಟದ್ದು. ಅವಳು ಇನ್ನು ಸೀತಿಯನ್ನು ಮುಟ್ಟಕೂಡದೆಂದು ತಾಂಡಾದ ನಾಯಕ ತೀರ್ಪು ಕೊಟ್ಟ. ಎಷ್ಟು ಕಾಲಿಗೆ ಬಿದ್ದರೂ ಕೇಳಲಿಲ್ಲ.

ಮದುವೆಯ ದಿನ ಜಾಲಿಗಿಡದ ಮರೆಯಲ್ಲಿ ನಿಂತಳು. ಸೀತಿ ತಾಯಿಯ ಬದಲು ಸೋದರತ್ತೆಯ ಕೊರಳು ತಬ್ಬಿ ಹಾಡತೊಡಗಿದಳು. ಎರಡನೆಯ ಸಾಲಿಗೇ ತಪ್ಪಿದಳು. ತಿದ್ದಲು ಸೋಮಲಿಬಾಯಿ ಬಾಯಿ ತೆರೆದಳು, ಸೆರಗು ತುರುಕಿಕೊಂಡಳು. ಬಂಡಿ ಹೊರಟುಹೋಯಿತು.

ಮುಂದಿನ ವರ್ಷ ಬಂದ ಪ್ರವಾಸಿಗರು ಫೋಟೋ ನೋಡಿ ನಿಂತರು. ಇವಳು ಎಲ್ಲಿರುತ್ತಾಳೆ, ನೋಡಬೇಕು ಎಂದರು. ಶಬ್ಬೀರಸಾಬ ಕಸ ಗುಡಿಸುತ್ತಿದ್ದ ಸೋಮಲಿಬಾಯಿಯ ಮುಖ ನೋಡಿದ.

"ಆಕಿ ಸತ್ತಾಳ ಅಂತ ಹೇಳು, ಸಾಬಣ್ಣ," ಎಂದಳು.

ಅವನು ಹಾಗೇ ಹೇಳಿದ. ಅವರು ಮರುಗಿದರು. ಆಮೇಲೆ ಫೋಟೋದ್ದೇ ಒಂದು ಫೋಟೋ ತೆಗೆದುಕೊಳ್ಳಲು ಕ್ಯಾಮೆರಾ ಎತ್ತಿ, ಅಡ್ಡ ಬಂದ ಸೋಮಲಿಬಾಯಿಗೆ ಆಚೆ ಸರಿ ಎಂದು ಕೈಸನ್ನೆ ಮಾಡಿದರು. ಅವಳು ಸರಿದು ನಿಂತಳು.