ಉಡ ಮೇಸ್ತ್ರಿ ಹಾಕಿದ ಚಿಲಕ

ಅಪ್ಪ ಅಮ್ಮ ಇಟ್ಟ ಹೆಸರು ಅವನಿಗೊಂದು ಇದ್ದೇ ಇತ್ತು. ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಊರಿಗೆಲ್ಲ ಅವನು ಉಡ ಮೇಸ್ತ್ರಿ. ಉಡ ಪಟ್ಟು ಹಿಡಿದರೆ ಬಿಡುವುದಿಲ್ಲ ಅನ್ನುತ್ತಾರಲ್ಲ, ಇವನು ಹೊಡೆದ ಮೊಳೆ, ಕೂರಿಸಿದ ಕೀಲು, ಹಾಕಿದ ಚಿಲಕ ಎಲ್ಲ ಹಾಗೇ. ಯಾರದೋ ಮನೆ ಕೆಡವುವಾಗ ಗೋಡೆಯೆಲ್ಲ ಬಿದ್ದ ಮೇಲೂ ಇವನು ಇಟ್ಟ ಬಾಗಿಲೊಂದು ನೆಟ್ಟಗೆ ನಿಂತಿತ್ತು ಎಂದು ಒಂದು ಕತೆಯೂ ಓಡಾಡುತ್ತಿತ್ತು. ಸುಳ್ಳೇ ಇರಬೇಕು. ಆದರೆ ಕೆಲಸ ಗಿಟ್ಟಿಸಿಕೊಡುವ ಸುಳ್ಳನ್ನು ತಿದ್ದುವ ಪುಣ್ಯಾತ್ಮ ಯಾರಿದ್ದಾರೆ? ಇವನಂತೂ ತಿದ್ದಲಿಲ್ಲ.

ಕೈ ಎಷ್ಟು ಗಟ್ಟಿಯೋ ಬಾಯಿ ಅಷ್ಟೇ ಸಡಿಲ. ಬಡಗಿಗೆ ಕಂಡವರ ಮನೆಯ ಒಳಗೆಲ್ಲ ಓಡಾಟ ಇರುತ್ತದೆ ನೋಡಿ. ಅಣ್ಣತಮ್ಮಂದಿರು ನಡುಮನೆಗೆ ಹಲಗೆ ಗೋಡೆ ಹಾಕಿಸುತ್ತಾರೆ, ಅತ್ತೆ ಕಪಾಟಿಗೆ ಹೊಸ ಬೀಗ ಹಾಕಿಸುತ್ತಾಳೆ, ಯಾರೂ ಬಾಯಿ ಬಿಡದಿದ್ದರೂ ಇವನಿಗೆ ಕತೆ ಗೊತ್ತಾಗಿಬಿಡುತ್ತದೆ. "ಮನೆ ಗುಟ್ಟು ಮೊದಲು ಗೊತ್ತಾಗೋದು ಬಡಗಿಗೆ" ಎಂದು ಟೀ ಅಂಗಡಿಯಲ್ಲಿ ಕೊಚ್ಚಿಕೊಳ್ಳುತ್ತಿದ್ದ. ಅವನ ಹೆಂಡತಿ ಮಾತ್ರ, "ಅರ್ಧ ಕೇಳಿ ಪೂರ್ತಿ ತೀರ್ಪು ಕೊಡ್ತೀರಿ, ಇದೊಂದು ದಿನ ನಿಮ್ಮನ್ನ ಮುಳುಗಿಸತ್ತೆ ನೋಡಿ" ಅನ್ನುತ್ತಿದ್ದಳು. ಹೆಂಡತಿ ಮಾತು ಕೇಳಿದರೆ ಉಡ ಯಾಕಾಗುತ್ತಿದ್ದ?

ಆಸ್ಪತ್ರೆಯಲ್ಲಿ ಆಯಾ ಕೆಲಸ ಮಾಡುವ ಒಬ್ಬ ಹೆಂಗಸು ಅವನನ್ನು ಮನೆಗೆ ಕರೆಸಿದಳು. ಕಣ್ಣು ಗುಳಿ ಬಿದ್ದಿತ್ತು, ಸೀರೆ ಸೆರಗಿನ ತುದಿ ಒದ್ದೆ. ಹಿಂದಿನ ಕೋಣೆ ತೋರಿಸಿ, "ಈ ಬಾಗಿಲಿಗೆ ಹೊರಗಡೆ ಒಂದು ಚಿಲಕ ಹಾಕ್ಬೇಕು ಮೇಸ್ತ್ರಿ. ಒಳಗಡೆ ಇರೋದನ್ನ ತೆಗೆದುಬಿಡಿ" ಎಂದಳು.

"ಒಳಗೆ ಯಾರಿರ್ತಾರೆ?"

"ಅಮ್ಮ. ನೆನಪು ಸರಿ ಇಲ್ಲ, ಎದ್ದು ಹೊರಗೆ ಹೋಗ್ಬಿಡ್ತಾರೆ. ಬೇರೆಯವರ ಹತ್ರ ಕೊಕ್ಕೆ ಹಾಕಿಸಿದ್ದೆ, ಸಂದಿಯಿಂದ ಕಡ್ಡಿ ತೂರಿಸಿ ಎತ್ತಿಬಿಟ್ರು. ಬೆಳಿಗ್ಗೆ ನಾನು ಡ್ಯೂಟಿಗೆ ಹೋದ್ರೆ ಮಧ್ಯಾಹ್ನದವರೆಗೂ ಒಬ್ರೇ. ಪಕ್ಕದ ಮನೆಯವರು ಆಗಾಗ ಕಿಟಕಿಯಲ್ಲಿ ನೋಡ್ತಾರೆ. ನೀವು ಹಾಕಿದ್ದು ಅಲ್ಲಾಡಲ್ಲ ಅಂತ ಎಲ್ರೂ ಹೇಳಿದ್ರು."

ಹೊಗಳಿಕೆ ಕಿವಿಗೆ ಬಿತ್ತು, ಆದರೆ ಇಳಿಯಲಿಲ್ಲ. ಹೆತ್ತವಳನ್ನು ಕೂಡಿಹಾಕುವವರು ಯಾರು ತಾನೇ ಹಾಗಂತ ಬಾಯಿ ಬಿಟ್ಟು ಹೇಳುತ್ತಾರೆ?

ಮಗಳು ಅಡುಗೆಮನೆಗೆ ಹೋದಳು. ಇವನು ಚೀಲ ಇಳಿಸಿ, ಅಭ್ಯಾಸದಂತೆ ಎರಡು ಸ್ಕ್ರೂ ತುಟಿಗೆ ಕಚ್ಚಿಕೊಂಡ.

"ಬಾಯಿಂದ ತೆಗಿ ಅದನ್ನ. ನುಂಗಿದ್ರೆ ಯಾರು ಗತಿ?"

ಕೋಣೆಯೊಳಗಿಂದ ಬಂದ ದನಿ. ಮಂಚದ ಮೇಲೆ ತೆಳ್ಳನೆಯ ಮುದುಕಿ, ತಲೆ ನೀಟಾಗಿ ಬಾಚಿ, ಮೂಗಿನ ತುದಿಗೆ ಕನ್ನಡಕ ಇಟ್ಟುಕೊಂಡು ಕೂತಿದ್ದಳು. ಇವನು ತಟ್ಟನೆ ಸ್ಕ್ರೂ ಉಗಿದು ನೆಟ್ಟಗೆ ನಿಂತ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಟೀಚರ ದನಿ ಗುರುತು ಹಿಡಿಯಲು ಯಾರೂ ಕಲಿಸಬೇಕಾಗಿರಲಿಲ್ಲ.

"ಬೇವಿನ ಮರದ ಬಾಗಿಲು ಇದು. ನಮ್ಮ ಯಜಮಾನರು ನಿಂತು ಮಾಡಿಸಿದ್ದು. ನಿಧಾನಕ್ಕೆ ತೂತು ಹೊಡಿ, ಸೀಳು ಬಿಡತ್ತೆ" ಎಂದಳು. ಮಾತು ಒಂದೂ ತಪ್ಪಿರಲಿಲ್ಲ. ಬೇವೇ, ಸೀಳುವುದೂ ನಿಜವೇ. ಆಮೇಲೆ ಹತ್ತಿರ ಬಂದು, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು. "ಇವಳು ನನ್ನ ಕೂಡಿ ಹಾಕ್ತಾಳೆ ಕಣಪ್ಪ. ನಾನೇನು ಕಳ್ಳಿನಾ? ಗಂಟೆ ಹೊಡೆಯೋ ಹೊತ್ತಿಗೆ ನಾನು ಅಲ್ಲಿರಬೇಕು, ಮಕ್ಕಳು ಬಿಸಿಲಲ್ಲಿ ನಿಂತಿರ್ತಾವೆ. ನೀನು ಒಳ್ಳೆಯವನ ಹಾಗೆ ಕಾಣ್ತೀಯ."

ಗಂಟೆಯ ಮಾತನ್ನು ಅವನು ತಲೆಗೆ ಹಾಕಿಕೊಳ್ಳಲಿಲ್ಲ. ಎಲ್ಲೋ ಪಾಠ ಹೇಳಿಕೊಡಲು ಹೋಗುತ್ತಾರೇನೋ ಅಂದುಕೊಂಡ. 'ಒಳ್ಳೆಯವನು' ಮಾತ್ರ ನೇರ ಎದೆಗೆ ಹೋಗಿ ಕೂತಿತು. ಇಷ್ಟು ಚೊಕ್ಕವಾಗಿ ಮಾತಾಡುವವಳಿಗೆ ನೆನಪಿಲ್ಲವಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೆ?

ಎರಡಿಂಚಿನ ಸ್ಕ್ರೂಗಳನ್ನು ವಾಪಸ್ಸು ಡಬ್ಬಿಗೆ ಹಾಕಿದ. ಕಿರುಬೆರಳ ಉಗುರಿನಷ್ಟು ಗಿಡ್ಡ ಸ್ಕ್ರೂಗಳನ್ನು ಆರಿಸಿದ. ತಲೆ ಎರಡಕ್ಕೂ ಒಂದೇ ಥರ, ಹೊರಗಿನಿಂದ ನೋಡಿದರೆ ಯಾವ ಅಪ್ಪನಿಗೂ ಗೊತ್ತಾಗುವುದಿಲ್ಲ. ಬಿಗಿದು ಮುಗಿಸಿ ಪಿಸುಗುಟ್ಟಿದ, "ಟೀಚರ್, ಗಿಡ್ಡ ಸ್ಕ್ರೂ ಹಾಕಿದೀನಿ. ಬೇಕು ಅನ್ಸಿದಾಗ ಜೋರಾಗಿ ನಾಲ್ಕು ಸಲ ಜಗ್ಗಿ." ಮುದುಕಿ ಗಂಭೀರವಾಗಿ ತಲೆಯಾಡಿಸಿದಳು. ಮೇಸ್ತ್ರಿ ಹುಟ್ಟಿದಾಗಿನಿಂದ ಬೇಕೆಂದೇ ಕಳಪೆ ಕೆಲಸ ಮಾಡಿದ್ದು ಅದೊಂದೇ ಸಲ, ಅದೂ ಎದೆಯುಬ್ಬಿಸಿಕೊಂಡು. ರಾತ್ರಿ ಊಟಕ್ಕೆ ಕೂತಾಗ ಹೆಂಡತಿಗೆ ಹೇಳಿಯೂ ಹೇಳಿದ. ಅವಳು ಬಡಿಸುವ ಕೈ ನಿಲ್ಲಿಸಿ, "ಆ ಮಗಳನ್ನ ಒಂದು ಮಾತು ಕೇಳಿದ್ರಾ?" ಎಂದಳು. ಇವನು ಲೋಟ ಎತ್ತಿ ನೀರು ಕುಡಿದ.

ಮರುದಿನ ಅದೇ ಬೀದಿಯ ಆಚೆ ಮನೆಯೊಂದರಲ್ಲಿ ಅಡುಗೆಮನೆ ಕಪಾಟಿಗೆ ಅಳತೆ ಹಿಡಿಯುತ್ತಿದ್ದಾಗ ಫೋನು ಬಂತು. ಆ ಮಗಳೇ.

"ಮೇಸ್ತ್ರಿ, ಅಮ್ಮ ಕಾಣಿಸ್ತಿಲ್ಲ. ನೀವು ನಮ್ಮ ಬೀದೀಲೇ ಇದೀರಂತೆ, ಎಲ್ಲಾದ್ರೂ ನೋಡಿದ್ರಾ?"

ಅವನು ಟೇಪು ಅಲ್ಲೇ ಬಿಟ್ಟು ಓಡಿದ.

ಪಕ್ಕದ ಮನೆಯವರು ಹೇಳಿ ಕಳಿಸಿದ್ದರಿಂದ ಮಗಳು ಆಸ್ಪತ್ರೆಯ ನೀಲಿ ಕೋಟಿನಲ್ಲೇ ಬಂದಿದ್ದಳು. ಚಿಲಕ ಕಿತ್ತು ಬಾಗಿಲಿಗೆ ಜೋತುಬಿದ್ದಿತ್ತು, ನೆಲದ ಮೇಲೆ ಗಿಡ್ಡ ಸ್ಕ್ರೂಗಳು. ಇವನು ಒಂದರ ಮೇಲೆ ಪಾದ ಇಟ್ಟ. ಯಾಕಿಟ್ಟನೋ ಅವನಿಗೇ ಗೊತ್ತಿಲ್ಲ, ಕಾಲು ತಾನಾಗಿಯೇ ಹೋಯಿತು.

"ನೀವು ಹಾಕಿದ್ದನ್ನೇ ಕಿತ್ತು ಹಾಕಿದಾರೆ ಅಂದ್ರೆ ಕೈ ಎಷ್ಟು ನೋವಾಗಿರಬೇಕು ಅವರಿಗೆ" ಎಂದು ಮಗಳು ಅತ್ತಳು. "ಹೋದ ಸಲ ರೈಲು ಹಳಿ ಮೇಲೆ ಸಿಕ್ಕಿದ್ರು. ಅದಕ್ಕೇ ನಿಮ್ಮನ್ನ ಕರೆಸಿದ್ದು."

ಅವನಿಗೆ ಈಗಲೇ ಹೇಳಿಬಿಡಬೇಕು ಅನ್ನಿಸಿತು. ಹೇಳಲಿಲ್ಲ. ಬದಲಿಗೆ, "ನಿಮ್ಮಮ್ಮ ಯಾವ ಶಾಲೆಯಲ್ಲಿದ್ರು?" ಎಂದ. ಗಂಟೆಯ ಮಾತು ಈಗ ನೆನಪಾಗಿತ್ತು.

"ಆ ಶಾಲೆ ಎಲ್ಲಿದೆ ಈಗ? ಕೆಡವಿ ದೊಡ್ಡ ರಸ್ತೆ ಮಾಡಿದ್ರಲ್ಲ, ಲಾರಿ ಓಡಾಡೋ ರಸ್ತೆ. ಆಟದ ಮೈದಾನ ಇದ್ದ ಜಾಗದಲ್ಲೇ..."

ಅವಳು ಮಾತು ಮುಗಿಸಲಿಲ್ಲ. ಇಬ್ಬರೂ ಓಡಿದರು. ಅವಳ ಚಪ್ಪಲಿ ದಾರಿಯಲ್ಲೇ ಉಳಿಯಿತು. ಇವನಿಗೆ ವಯಸ್ಸಾಗಿತ್ತು, ಮೊಣಕಾಲು ಕೇಳುತ್ತಿರಲಿಲ್ಲ. ಬಾಯಲ್ಲಿ ಒಂದೇ ಮಾತು, "ಜೀವ ಒಂದಿದ್ರೆ ಸಾಕು, ಜೀವ ಒಂದಿದ್ರೆ ಸಾಕು." ಮುದುಕಿ ಸತ್ತರೆ ಕೊಂದವನು ತಾನು. ಲಾರಿಯವನಲ್ಲ, ರಸ್ತೆಯಲ್ಲ, ತಾನು.

ದೂರದಿಂದಲೇ ಹಾರ್ನುಗಳು ಕೇಳಿಸಿದವು. ಮುದುಕಿ ರಸ್ತೆಯ ನಟ್ಟನಡುವೆ ನಿಂತಿದ್ದಳು. ಒಂದು ಕೈ ಮೇಲೆತ್ತಿ, ಇನ್ನೊಂದು ಕೈಯಲ್ಲಿ ಲಾರಿಯೊಂದಕ್ಕೆ ಹಿಂದೆ ಸರಿ, ಸಾಲಾಗಿ ನಿಲ್ಲು ಎಂದು ತೋರಿಸುತ್ತಿದ್ದಳು. ಲಾರಿ ನಿಂತಿತ್ತು. ಅದರ ಮಗ್ಗುಲಿನಿಂದ ಬಸ್ಸೊಂದು ನುಗ್ಗಿ ಬರುತ್ತಿತ್ತು, ಅದರ ಡ್ರೈವರಿಗೆ ಮುದುಕಿ ಕಾಣುವಂತಿರಲಿಲ್ಲ.

ಉಡ ಮೇಸ್ತ್ರಿ ಎರಡೂ ಕೈ ಎತ್ತಿಕೊಂಡು ಬಸ್ಸಿನ ಎದುರಿಗೆ ಹೋದ. ಬ್ರೇಕು ಕಿರುಚಿತು. ಸುಟ್ಟ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು, ಡ್ರೈವರು ಅವನ ಮೂರು ತಲೆಮಾರನ್ನು ಬಯ್ದ. ಒಂದೂ ಅವನಿಗೆ ಕೇಳಿಸಲಿಲ್ಲ. ಮುದುಕಿಯ ಮುಂದೆ ನಿಂತು, ಏದುಸಿರು ಬಿಡುತ್ತಾ, "ಟೀಚರ್, ಮಕ್ಕಳು ಒಳಗಡೆ ಕೂತಿದಾರೆ. ಬನ್ನಿ" ಎಂದ.

"ಮೊದಲೇ ಹೇಳಬಾರದಾ?" ಎಂದು ಗದರಿ, ಮುದುಕಿ ಅವನ ಕೈ ಹಿಡಿದುಕೊಂಡಳು. ಅವಳ ಅಂಗೈ ಜಗ್ಗಿ ಜಗ್ಗಿ ಸುಲಿದು ಹೋಗಿತ್ತು.

ಮನೆಗೆ ಬಂದು ಮಗಳು ಆ ಅಂಗೈಗೆ ಮುಲಾಮು ಹಚ್ಚುವಾಗ ಅವನು ಹೇಳಿದ. ಗಿಡ್ಡ ಸ್ಕ್ರೂ, ಪಿಸುಮಾತು, ಕಾಲಡಿ ಮುಚ್ಚಿಟ್ಟದ್ದು, ಎಲ್ಲ. ನೀವು ಕೆಟ್ಟವರು ಅಂದ್ಕೊಂಡೆ ತಾಯಿ ಎಂದೂ ಹೇಳಿದ.

ಅವಳು ತಲೆಯೆತ್ತದೆ ಮುಲಾಮು ಹಚ್ಚಿ ಮುಗಿಸಿದಳು. ಆಮೇಲೆ ಎದ್ದು ಬಂದು, "ಒಂದು ಗಳಿಗೆ ಬಂದು ಕರುಣೆ ತೋರಿಸಿ ಹೋಗೋದು ಸುಲಭ ಮೇಸ್ತ್ರಿ. ನಿಮ್ಮ ಮುಖ ನೋಡೋಕೂ ನನಗೆ ಇಷ್ಟ ಇಲ್ಲ" ಎಂದಳು. ಜೋತುಬಿದ್ದ ಚಿಲಕ ತೋರಿಸಿ, "ಆದ್ರೆ ನಾಳೆ ನಾನು ಡ್ಯೂಟಿಗೆ ಹೋಗ್ಬೇಕು. ಹಾಕಿ" ಎಂದಳು.

ಅವನು ಹಳೆಯ ತೂತುಗಳಿಗೆ ಮರದ ಚಕ್ಕೆ ತುಂಬಿ, ಚಿಲಕವನ್ನು ಒಂದು ಬೆರಳು ಕೆಳಗಿಟ್ಟು, ಎರಡಿಂಚಿನ ಸ್ಕ್ರೂ ತಿರುಗಿಸತೊಡಗಿದ. ಮುದುಕಿ ಬಂದು ಬಗ್ಗಿ ನೋಡಿದಳು.

"ಈ ಸಲ ಉದ್ದದ್ದಾ?"

ಅವನ ಕೈ ನಿಂತಿತು. "ಹೌದು ಟೀಚರ್."

"ಸರಿಯಾಗಿ ಬಿಗಿ. ಪಾಪ, ಇವಳು ಸಣ್ಣಗಾಗಿ ಹೋಗಿದಾಳೆ." ಕನ್ನಡಕ ಸರಿಮಾಡಿಕೊಂಡು ಅವನನ್ನೇ ನೋಡಿದಳು. "ನಾನು ಒಳ್ಳೆ ಮಾತಲ್ಲಿ ಕೇಳ್ತೀನಿ ನೋಡು, ಆಗ ನಂಬಬೇಡ."

ಅವನು ಕೊನೆಯ ಸ್ಕ್ರೂ ಬಿಗಿದು, ಮುದುಕಿ ಮಂಚಕ್ಕೆ ಹೋದ ಮೇಲೆ ಮಗಳು ಹೇಳಿದಂತೆ ಬಾಗಿಲು ಮುಂದೆ ಮಾಡಿ ಚಿಲಕ ಸರಿಸಿದ. ಅವನೇ ಜಗ್ಗಿ ನೋಡಿದ. ಒಂದು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಉಳಿ, ಸುತ್ತಿಗೆ ಚೀಲಕ್ಕೆ ತುಂಬುತ್ತಿದ್ದಾಗ ಒಳಗಿಂದ ಮೆಲ್ಲಗೆ ತಟ್ಟಿದ ಸದ್ದು. "ಯಾರಪ್ಪಾ ಅಲ್ಲಿ? ಸ್ವಲ್ಪ ತೆಗೀತೀಯಾ? ನೀನು ಒಳ್ಳೆಯವನ ಹಾಗೆ ಕಾಣ್ತೀಯ."

ಅದೇ ದನಿ, ಅಷ್ಟೇ ಚೊಕ್ಕ. ಅವನ ಕೈ ಚಿಲಕದವರೆಗೂ ಹೋಗಿಯೇ ಹೋಯಿತು. ಅಲ್ಲಿಂದ ಅದನ್ನು ಹಿಂದಕ್ಕೆ ತರಲು ಅವನು ಇನ್ನೊಂದು ಕೈಯಿಂದ ಹಿಡಿದುಕೊಳ್ಳಬೇಕಾಯಿತು.

"ದಿನಾ ಇದನ್ನ ಕೇಳಿಸಿಕೊಂಡು ಹೇಗೆ ಹೋಗ್ತೀರಿ ತಾಯಿ?" ಎಂದ.

"ಬಸ್ ಸ್ಟಾಪಿನವರೆಗೂ ಓಡ್ತೀನಿ" ಎಂದಳು ಮಗಳು. "ನಿಂತ್ರೆ ತೆಗೆದುಬಿಡ್ತೀನಿ."

ಒಳಗಿಂದ ಮತ್ತೆ ತಟ್ಟಿದ ಸದ್ದು. ಉಡ ಮೇಸ್ತ್ರಿ ಚೀಲ ಹೆಗಲಿಗೇರಿಸಿ ಹೊಸ್ತಿಲು ದಾಟಿದ. ಗೇಟಿನವರೆಗೆ ನಡೆದ. ಆಮೇಲೆ ಆ ಹಾಳು ಮೊಣಕಾಲಲ್ಲೇ ಬೀದಿಯ ತಿರುವಿನವರೆಗೂ ಓಡಿದ.