ಬುಧವಾರದ ಗಾಜು

ರೇಡಿಯೋ ಭಾವ ಎದ್ದು ನಿಂತಾಗ ಕುರ್ಚಿಯೂ ಅವರ ಜೊತೆಗೇ ಎದ್ದಿತು. ಐದು ವರ್ಷದ ಮಕ್ಕಳಿಗೆಂದು ಮಾಡಿದ ಹಳದಿ ಪ್ಲಾಸ್ಟಿಕ್ ಕುರ್ಚಿ ಅದು. ಭಾವನಿಗೆ ಐವತ್ತಮೂರು, ಸೊಂಟದ ಅಳತೆ ಕೇಳುವುದು ಬೇಡ. ವಾಕ್ ಚಿಕಿತ್ಸೆಯ ಕೋಣೆಯ ಹೊರಗೆ ಸರದಿಗೆ ಕಾಯುತ್ತಿದ್ದ ಪುಟ್ಟ ಹುಡುಗಿ, "ಅಮ್ಮಾ, ತಾತಂಗೆ ತುರ್ಚಿ ಅಂಟ್ತೊಂಡಿದೆ" ಎಂದಳು. 'ಕ' ಬಾರದೆ 'ತ' ಅನ್ನುವ ಮಗು. 'ಕಾಕ' ಎನ್ನಲು ಹೋಗಿ 'ತಾತ' ಅಂದಿರಬೇಕು ಎಂದು ಭಾವ ಸಮಾಧಾನ ತಂದುಕೊಂಡರು.

ಅವರು ಬಂದದ್ದು ಪತ್ತೇದಾರಿಕೆಗೆ. ಅವರ ಫ್ರೇಮು ಅಂಗಡಿಯಲ್ಲಿ ಗಾಜು ಕೊಯ್ಯುವವನು ಹೆಂಡತಿಯ ತಮ್ಮ. ಎಂಟು ತಿಂಗಳಿಂದ ಪ್ರತಿ ಬುಧವಾರ ನಾಲ್ಕಕ್ಕೆ ಗಾಜು ತರಲು ಹೋಗಿ ಬರಿಗೈಯಲ್ಲಿ ಬರುತ್ತಿದ್ದ. ಇವತ್ತು ಹಿಂಬಾಲಿಸಿದರೆ, ಆಸಾಮಿ ಇಲ್ಲಿ!

ಬಾಮೈದನ ಕೈ ಬಲು ಚೊಕ್ಕ. ವಜ್ರದ ಮೊನೆಯಿಂದ ಗೆರೆ ಎಳೆದು ಒಮ್ಮೆ ತಟ್ಟಿದರೆ ಗಾಜು ಹೇಳಿದ ಹಾಗೆ ಬಿಟ್ಟುಕೊಡುತ್ತಿತ್ತು. ಮಾತು ಮಾತ್ರ ಮೊದಲ ಅಕ್ಷರದಲ್ಲೇ ಕಚ್ಚಿಕೊಂಡು, ಕಣ್ಣು ಮುಚ್ಚಿ, ಕತ್ತಿನ ನರ ಬಿಗಿದು ನಿಲ್ಲುತ್ತಿತ್ತು. ಅಷ್ಟರಲ್ಲಿ ಭಾವ ನೆರವಿಗೆ ಧಾವಿಸುತ್ತಿದ್ದರು. ಗಿರಾಕಿ ಯಾವಾಗ ಕೊಡ್ತೀಯ ಎಂದರೆ "ಶುಕ್ರವಾರ ಅಂತಾನೆ." ಡಾಕ್ಟರು ನೋವೆಲ್ಲಿ ಎಂದರೆ "ಬೆನ್ನು ಅಂತಾನೆ." ನೋವಿದ್ದದ್ದು ಮೊಣಕಾಲಲ್ಲಿ, ಪಾಪ, ಬೆನ್ನಿಗೆ ಒಂದು ತಿಂಗಳು ಮುಲಾಮು ಬಿತ್ತು. ಹುಡುಗನಿಗೆ ಹದಿನೆಂಟಾದಾಗ ಮಾವ, "ಮುಂದೇನು ಮಾಡ್ತೀಯೋ?" ಎಂದು ಕೇಳಿದ್ದರು. ಅವನು ಬಾಯಿ ತೆರೆದಿದ್ದ. "ನನ್ನ ಅಂಗಡಿಗೆ ಬರ್ತಾನಂತೆ" ಎಂದಿದ್ದರು ಭಾವ. ಅದಾಗಿ ಇಪ್ಪತ್ತೆರಡು ವರ್ಷ.

ಬಾಗಿಲು ಅರೆ ತೆರೆದಿತ್ತು. "ಇದೇ ಸೋಮವಾರದ ಸಂದರ್ಶನ, ನಾನು ಬಸ್ ಡಿಪೋ ಅಧಿಕಾರಿ ಅಂದ್ಕೊಳ್ಳಿ. ಈ ಕೆಲಸ ಯಾಕೆ ಬೇಕು?" ಎಂದರು ಚಿಕಿತ್ಸಕಿ.

ಬಾಮೈದ ಉಸಿರು ಬಿಟ್ಟು, ಮೊದಲ ಅಕ್ಷರವನ್ನು ಮೆತ್ತಗೆ ಎಳೆದ. "ಚಿ...ಕ್ಕಂದಿನಿಂದ..." ಅಲ್ಲಿಗೆ ಸಿಕ್ಕಿಕೊಂಡಿತು. ಚಿಕಿತ್ಸಕಿ ಅವನ ಮುಖ ನೋಡುತ್ತಾ ಸುಮ್ಮನೆ ಕೂತರು. ಹೊರಗೆ ಭಾವನ ನಾಲಿಗೆಯ ತುದಿಯಲ್ಲಿ ನಾಲ್ಕು ವಾಕ್ಯ ಸಿದ್ಧವಾಗಿದ್ದವು.

"...ಬ...ಸ್ಸು ಓಡಿಸೋ ಆಸೆ, ಮೇಡಂ."

ಆ ನಾಲ್ಕರಲ್ಲಿ ಒಂದರಲ್ಲೂ ಬಸ್ಸಿರಲಿಲ್ಲ.

ಪಾಠ ಮುಗಿಸಿ ಬಾಮೈದನ ಜೊತೆ ಹೊರಬಂದ ಚಿಕಿತ್ಸಕಿಯೇ ಕುರ್ಚಿಯನ್ನು ಎಳೆದು ಬಿಡಿಸಿದರು. "ನಾನು ಇವನ ಭಾವ. ಇವನ ಮಾತೆಲ್ಲ ನಾನೇ..." ಎಂದರು ಇವರು.

"ಓ, ಅದು ನೀವೇನಾ?" ಎಂದರು ಆಕೆ. "ಉಗ್ಗು ಪೂರ್ತಿ ಹೋಗ್ಲೇಬೇಕು ಅಂತಿಲ್ಲ. ಉಗ್ಗಿದ್ರೂ ಹೆದರದೆ ಹೇಳೋದು ಕಲೀತಿದ್ದಾರೆ. ನೀವು ಪದ ಕೊಡ್ಬೇಡಿ, ಕಾಯಿರಿ."

"ಎಷ್ಟು ಹೊತ್ತು?"

"ಅವರು ಮುಗಿಸೋವರೆಗೂ. ನಿಮ್ಮ ಮನೆಯವರು ಹೇಳಿರ್ಬೇಕಲ್ಲ? ಮೊದಲ ದಿನ ಕರ್ಕೊಂಡು ಬಂದಿದ್ದೇ ಅವರು."

ಹಾಗಾದರೆ ಅವಳಿಗೂ ಗೊತ್ತು. ಎಂಟು ತಿಂಗಳು ಅಕ್ಕ-ತಮ್ಮ ಒಂದೇ ಬಾಗಿಲಲ್ಲಿ ಓಡಾಡಿ, ಇವರ ಎದುರೇ ಉಂಡು, ಉಸಿರು ಬಿಟ್ಟಿಲ್ಲ. ಮೊದಲು ಅವನ ಬಾಯಿ ಕೈತಪ್ಪಿತು, ಸೋಮವಾರ ಸಂದರ್ಶನದಲ್ಲಿ ಆಯ್ಕೆಯಾದರೆ ಅವನ ಕೈಯೂ ಹೋಗುತ್ತದೆ. ಬೆನ್ನಿಗೆ ಚೂರಿ ಅಂದರೆ ಇದೇ ಇರಬೇಕು. ಮುಲಾಮು ಹಚ್ಚುವವರು ಮಾತ್ರ ಯಾರೂ ಇಲ್ಲ.

ಬೀದಿಯ ಕೊನೆಯವರೆಗೂ ಭಾವ ತುಟಿ ಬಿಚ್ಚಲಿಲ್ಲ. ರೇಡಿಯೋ ಪಾಲಿಗೆ ಅದೊಂದು ದಾಖಲೆ. ತಿರುವಿನಲ್ಲಿ ನಿಂತೇಬಿಟ್ಟರು.

"ಅಲ್ಲ ಕಣಯ್ಯ, ನಿನ್ನ ಬಾಯಾಗಿ ಇಷ್ಟು ವರ್ಷ ದುಡಿದೆ. ನನಗೇ ಮೋಸ ಮಾಡಿದ್ರಲ್ಲ ಇಬ್ಬರೂ. ಬಸ್ಸು ಬೇಕು ಅಂತ ಅವತ್ತು ಮಾವ ಕೇಳಿದಾಗಲೇ ಯಾಕೆ ಹೇಳಲಿಲ್ಲ?"

ಬಾಮೈದ ಉಸಿರು ತೆಗೆದುಕೊಂಡ. ತುಟಿ ಮುಂದಾಯಿತು, ಮಾತು ಬರಲಿಲ್ಲ. ಭಾವ ಹಲ್ಲು ಕಚ್ಚಿ ಕಾದರು. ಎರಡು ಬಸ್ಸು ಹಾದುಹೋದವು.

"ಶು...ರು ಮಾಡಿದ್ದೆ, ಭಾವ. ಮುಗಿಸಿದ್ದು ನೀವು."