ಅರ್ಧ ಹೇಳಲಾರದ ಅಕ್ಕೋರು

ನಮ್ಮ ಶಾಲೆಯ ಟೀಚರು ಸುಶೀಲಾ ಅಕ್ಕೋರು, ಯಾರು ಏನು ಕೇಳಿದರೂ ನಿಂತಲ್ಲೇ ಉತ್ತರ ಕೊಟ್ಟವರಲ್ಲ. ಕೇಳಿದವರ ಕೈ ಹಿಡಿದು ಎಲ್ಲಿಗೋ ಕರೆದುಕೊಂಡು ಹೋಗುತ್ತಿದ್ದರು. ರೊಟ್ಟಿ ಯಾಕೆ ಉಬ್ಬುತ್ತದೆ ಎಂದು ಒಂದು ಮಗು ಕೇಳಿದ್ದಕ್ಕೆ ಶಾಲೆಯ ಹನ್ನೊಂದು ಮಕ್ಕಳನ್ನೂ ತಂದು ನನ್ನ ಒಲೆಯ ಮುಂದೆ ಕೂರಿಸಿದರು.

“ಗಂಗವ್ವಾ, ಒಂದ ರೊಟ್ಟಿ ಉಬ್ಬಿಸಿ ತೋರಸಬೇ.”

“ಅಕ್ಕೋರ, ಅನ್ನ ಆರತೈತ್ರಿ.”

“ಆರಲಿ ಬಿಡು. ಅರ್ಧಾ ಹೇಳಿದ ಮಾತು, ಅರ್ಧಾ ಬೆಂದ ರೊಟ್ಟಿ, ಎರಡೂ ಹೊಟ್ಟಿ ಕೆಡಸ್ತಾವ.”

ನಾನು ಆಗ ಹೂಲಿ ಹತ್ತಿರ, ತೋಟದ ಮನೆಗಳ ಮಕ್ಕಳಿಗೆಂದು ಇದ್ದ ನಮ್ಮ ತೋಟದ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ನಿಮ್ಮ ಅಜ್ಜ ತೀರಿದ ಮೇಲೆ ಹೊಸ್ತಿಲು ದಾಟಲು ಅಂಜುತ್ತಿದ್ದ ನನ್ನನ್ನು ಆ ಕೆಲಸಕ್ಕೆ ಕರೆದವರು ಅವರೇ. ಒಂದೇ ಕೋಣೆ, ಒಬ್ಬರೇ ಅಕ್ಕೋರು. ಐದನೆಯ ಇಯತ್ತೆಯ ಮಕ್ಕಳು ಎರಡನೆಯವರಿಗೆ ಲೆಕ್ಕ ಕಲಿಸುತ್ತಿದ್ದರು. ಮಕ್ಕಳು ಕಡಿಮೆ ಎಂದು ಶಾಲೆ ಮುಚ್ಚುವ ಮಾತು ಎದ್ದಿತ್ತು.

ಆ ವರ್ಷ ನಾಲ್ಕೈದು ದೇಶಗಳ ಶಿಕ್ಷಕರು ಒಂದು ಶಿಕ್ಷಣ ಯೋಜನೆಗಾಗಿ ಬೈಲಹೊಂಗಲದಲ್ಲಿ ಸಭೆ ಸೇರಿದರು. ಸಣ್ಣ ಶಾಲೆಗಳನ್ನು ಕಣ್ಣಾರೆ ನೋಡಿ, ಮನಸ್ಸಿಗೆ ಒಪ್ಪಿದವನ್ನು ಯೋಜನೆಗೆ ಸೇರಿಸಿಕೊಳ್ಳುವವರಿದ್ದರು. ಸೇರಿದ ಶಾಲೆಯನ್ನು ಐದು ವರ್ಷ ಮುಚ್ಚುವಂತಿರಲಿಲ್ಲ. ಸಭೆಯಲ್ಲಿ ಉಳಿದವರೆಲ್ಲ ಪರದೆಯ ಮೇಲೆ ಚಿತ್ರ ತೋರಿಸಿದರೆ, ನಮ್ಮ ಅಕ್ಕೋರು “ಬಂದ ನೋಡ್ರಿ” ಎಂದಷ್ಟೇ ಹೇಳಿ ಕುಳಿತರಂತೆ. ಅತಿಥಿಗಳು ಒಂದು ದಿನ ಕಿತ್ತೂರ ಕೋಟೆ ನೋಡಿದರು. ಕೊನೆಯ ದಿನ ಮುಂಜಾನೆ ಹೂಲಿಯ ಗುಡಿಗಳು, ಮಧ್ಯಾಹ್ನ ನಮ್ಮ ಶಾಲೆ ಎಂದಾಯಿತು. ಗುಡಿ ತೋರಿಸುವವರು ಅಕ್ಕೋರೇ. ಬುತ್ತಿಯ ಗಂಟು ಹೊತ್ತು ನಾನೂ ಹೋದೆ.

ಪಂಚಲಿಂಗೇಶ್ವರ ಗುಡಿಯಲ್ಲಿ ಅತಿಥಿಗಳ ಪೈಕಿ ಒಬ್ಬ ಎತ್ತರದ ಹೆಂಗಸು, ಗಾರೆಯಿಲ್ಲದೆ ಈ ಕಲ್ಲುಗಳು ಹೇಗೆ ನಿಂತಿವೆ ಎಂದು ಜೊತೆಗಿದ್ದ ಯೋಜನೆಯ ಸಾಹೇಬರ ಮೂಲಕ ಕೇಳಿದಳು. ಅಷ್ಟೇ ಸಾಕಾಯಿತು. ಅಕ್ಕೋರು ಅವಳ ಕೈ ಹಿಡಿದರು. ನಿಂತ ಗುಡಿಯಲ್ಲಿ ಕಾಣದ್ದು ಬಿದ್ದ ಗುಡಿಯಲ್ಲಿ ಕಾಣುತ್ತದೆ ಎಂದು ಒಂದು ಹಾಳು ಗುಡಿಗೆ, ಅಲ್ಲಿಂದ ಇನ್ನೊಂದಕ್ಕೆ ನಡೆಸಿದರು. ಕಲ್ಲಿನ ತುದಿಯ ಹಲ್ಲು, ಅದು ಕೂರುವ ಕುಳಿ, ಎಲ್ಲವನ್ನೂ ಮುಟ್ಟಿಸಿ ಮುಟ್ಟಿಸಿ ಹೇಳಿದರು. ಯಾರಿಗೂ ಬಿಸಿಲಿನ ನೆನಪೇ ಇರಲಿಲ್ಲ.

ಬಸ್ಸಿನ ಡ್ರೈವರ್ ಮೌಲಾಸಾಬ ನನ್ನ ಬಳಿ ಬಂದ. “ಯವ್ವಾ, ಹೊತ್ತ ಆತಬೇ. ಇವರು ಸಂಜಿ ವಿಮಾನ ಹಿಡೀಬೇಕು. ಅಕ್ಕೋರಿಗೆ ಹೇಳು.”

ಅಷ್ಟು ಪರದೇಶದ ಮಂದಿಯ ನಡುವೆ ನನಗೆ ಬಾಯಿ ಬರಲಿಲ್ಲ. ತುಸು ಹೊತ್ತಿಗೆ ಮತ್ತೆ ಬಂದ. “ನಾ ಹೇಳಿದ್ರ ಸಾಹೇಬ್ರು ಬೈತಾರು. ನೀ ಹೇಳಬೇ! ನಾಲಿಗಿ ಸಾವಕಾರಗ ಒತ್ತಿ ಇಟ್ಟಿಯೇನ?”

ಸೆರಗು ಎಳೆದುಕೊಂಡು ನಿಂತೆ.

ನಮ್ಮ ತೋಟದ ದಾರಿಗೆ ಬಸ್ಸು ಮುಟ್ಟಿದಾಗ ಸಾಹೇಬರೇ ಬಾಯಿ ತೆರೆದರು. “ಮೇಡಮ್ಮಾರ, ಈಗ ಸಾಲಿಗೆ ಬರಾಕ ಆಗೂದಿಲ್ರಿ. ಫೋಟೋ ಕಳಸ್ರಿ, ನಡೀತೈತಿ.” ಎತ್ತರದ ಹೆಂಗಸು ಅಕ್ಕೋರ ಎರಡೂ ಕೈ ಹಿಡಿದು ಏನೋ ಅಂದಳು. ಈ ಪ್ರವಾಸದಲ್ಲಿ ನಿಜವಾದ ಪಾಠ ಕೇಳಿದ್ದು ಇವತ್ತೇ ಎಂದಳಂತೆ. ನಾವಿಬ್ಬರೂ ಇಳಿದೆವು. ತೊಳೆದ ಸಮವಸ್ತ್ರದಲ್ಲಿ ಮಕ್ಕಳು ಓಡಿ ಬರುವಷ್ಟರಲ್ಲಿ ರಸ್ತೆಯ ಮೇಲೆ ಧೂಳಷ್ಟೇ ಇತ್ತು.

ಯೋಜನೆಗೆ ಬೇರೆ ಶಾಲೆಗಳು ಸೇರಿದವು. ಬೇಸಿಗೆಯ ಸೂಟಿಯಲ್ಲಿ ನಮ್ಮದು ಮುಚ್ಚಿತು. ಅಕ್ಕೋರಿಗೆ ರಾಮದುರ್ಗಕ್ಕೆ ವರ್ಗವಾಯಿತು. ಬೀಗ ಹಾಕಿ ಬಂದು ಬಸ್ಸಿಗೆ ಕಾಯುತ್ತ ಕುಳಿತಾಗ ನಾನು ಹೇಳಿಬಿಟ್ಟೆ. “ಅವತ್ತ ಹೊತ್ತ ಆತು ಅಂತ ಮೌಲಾಸಾಬ ನನಗ ಎರಡ ಸಲ ಹೇಳಿದ್ನ್ರಿ. ನಾನ ಬಾಯಿ ಬಿಡಲಿಲ್ಲ.”

“ನನ್ನ ಕೈಯಾಗ ಗಡಿಯಾರ ಇರಲಿಲ್ಲೇನ ಗಂಗವ್ವಾ? ನೋಡಿದ್ದೆ. ಆಕಿ ಕೇಳಾಕ ಹತ್ತಿದ್ಲು. ಅರ್ಧಕ್ಕ ಹೆಂಗ ಬಿಡ್ಲಿ?”

ಅಕ್ಕೋರ ಕಣ್ಣೀರು ಇಳಿಯುತ್ತಿತ್ತು. ಒರೆಸಿಕೊಳ್ಳದೆ ಹಾಗೆಯೇ ಮಾತಾಡಿದರು. “ಒಂದ ಕೆಲಸ ಮಾಡು. ಲಕ್ಕವ್ವ ತನ್ನ ಇಬ್ಬರು ಹುಡುಗೇರನ್ನ ಸವದತ್ತಿ ಸಾಲಿಗೆ ಕಳಸೂದಿಲ್ಲ ಅನ್ನಾಕತ್ತಾಳ. ನನ್ನ ಮಾತ ಕೇಳಲಿಲ್ಲ. ನೀ ಹೋಗಿ ಹೇಳು, ಕೇಳತಾಳ. ನೀ ಎಂದೂ ಯಾರಿಗೂ ಏನೂ ಹೇಳಿದಾಕಿ ಅಲ್ಲ, ಅಂಥಾಕಿ ಹೇಳಿದ್ರ ಮಾತಿಗೆ ತೂಕ ಇರತೈತಿ.”

“ಹೇಳತೇನ್ರಿ” ಅಂದೆ. ಬಸ್ಸು ಬಂತು.

ಶ್ರಾವಣದಲ್ಲಿ ರಾಮದುರ್ಗದಿಂದ ಅಕ್ಕೋರು ತೀರಿದ ಸುದ್ದಿ ಬಂತು. ಎದೆನೋವಂತೆ. ಒಂದು ದಿನವೂ ಹಾಸಿಗೆ ಹಿಡಿಯಲಿಲ್ಲವಂತೆ.

ನೀವು ವ್ಯಾನಿನಲ್ಲಿ ಶಾಲೆಗೆ ಹೋಗುವಾಗ, ಹೊಲದಲ್ಲಿ ಹತ್ತಿ ಬಿಡಿಸುವ ಇಬ್ಬರು ಹುಡುಗಿಯರಿಗೆ ಕೈ ಬೀಸುತ್ತೀರಲ್ಲ, ಅವರೇ ಲಕ್ಕವ್ವನ ಮಕ್ಕಳು. ಅಕ್ಕೋರ ಮಾತು ಹೇಳಲೆಂದೇ ಆ ಮನೆಗೆ ನಾನು ಹೋಗಿದ್ದೆ. ಲಕ್ಕವ್ವ ಮಜ್ಜಿಗೆ ಕೊಟ್ಟಳು. ಕುಡಿದು ಬಂದೆ.